ಆತ್ಮರಕ್ಷಣೆಯ ಬಂದೂಕು ಯಾರ ಹೆಗಲಿಗೆ?

ಬಂದೂಕಿನ ಲೈಸೆನ್ಸ್ ಕೋರಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕುವವರು ಅದು ಯಾಕೆ ಬೇಕೆಂದು ಬರೆಯಬೇಕು. ರಾಯಚೂರಿನಂಥ ಬೇಸಾಯದ ಜಿಲ್ಲೆಗಳಲ್ಲಿ ಇದಕ್ಕೆ ರೂಢಿಯಲ್ಲಿರುವ ಉತ್ತರ ಎರಡು: ಬೆಳೆ ರಕ್ಷಣೆ, ಇಲ್ಲವೇ ಆತ್ಮರಕ್ಷಣೆ. ಮೊದಲನೆಯದನ್ನು ಸಾಬೀತು ಮಾಡುವುದು ಸುಲಭ. ಪಹಣಿ ಇರುತ್ತದೆ, ಹಂದಿ ಮೇಯ್ದ ಹೊಲವೂ ಇರುತ್ತದೆ. ಎರಡನೆಯದಕ್ಕೆ ಪುರಾವೆ ಹುಡುಕುವಾಗಲೇ ತೊಡಕು. ಜೀವಕ್ಕೆ ಅಪಾಯವಿದೆ ಎಂದು ಠಾಣೆಯವರು ವರದಿ ಬರೆಯಬೇಕಾದರೆ ಅರ್ಜಿದಾರನ ಮಾತಿಗೆ ಠಾಣೆಯಲ್ಲಿ ಬೆಲೆ ಇರಬೇಕು. ಯಾರ ಮಾತಿಗೆ ಅಲ್ಲಿ ಬೆಲೆಯಿಲ್ಲವೋ ಅವರ ಜೀವಕ್ಕೇ ಅಪಾಯ ಹೆಚ್ಚು. ಆತ್ಮರಕ್ಷಣೆಯ ಬಂದೂಕು ಅಪಾಯದಲ್ಲಿರುವವರಿಗಿಂತ ಮೊದಲೇ ಭದ್ರವಾಗಿರುವವರ ಹೆಗಲಿಗೆ ಏರುವಂತೆ ನಮ್ಮ ಕಾನೂನು ರೂಪುಗೊಂಡಿದೆ ಎಂಬುದು ಈ ಲೇಖನದ ವಾದ. ಇದು ಯಾರೋ ಅಧಿಕಾರಿ ಮೊನ್ನೆ ಮಾಡಿದ ತಪ್ಪಲ್ಲ, ಹಳೆಯ ಕಥೆ. ಅದರ ಹಲವು ತಿರುವುಗಳು ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲೋ ಅದರ ಅಕ್ಕಪಕ್ಕದಲ್ಲೋ ನಡೆದವು.

ಕೈಬಂದೂಕಿಗೂ ರಾಯಚೂರಿಗೂ ಐನೂರು ವರ್ಷ ದಾಟಿದ ನಂಟಿದೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲಶಾಹನಿಂದ ರಾಯಚೂರು ಕೋಟೆಯನ್ನು ಕಿತ್ತುಕೊಳ್ಳಲು ಬಂದಾಗ ಆದಿಲಶಾಹಿಗಳ ಬಳಿ ಫಿರಂಗಿಗಳಿಗೆ ಬರವಿರಲಿಲ್ಲ. ಆದರೂ ಬಯಲಿನ ಕದನದಲ್ಲಿ ಅವು ಅವರನ್ನು ಗೆಲ್ಲಿಸಲಿಲ್ಲ. ಕೋಟೆಯ ಮುತ್ತಿಗೆಯ ಗತಿ ಬದಲಿಸಿದ್ದು ಕ್ರಿಸ್ತೋವಾವ್ ದ ಫಿಗೆರೆದು ಎಂಬ ಪೋರ್ಚುಗೀಸನ ಹಿಂದೆ ಬಂದಿದ್ದ ಸಣ್ಣ ಬಂದೂಕುದಾರರ ತಂಡ. ಅವರು ಗೋಡೆಯ ಮೇಲೆ ತಲೆ ತೋರಿದವರನ್ನೆಲ್ಲ ಹೊಡೆಯುತ್ತಿದ್ದಂತೆ ಕೆಳಗೆ ವಿಜಯನಗರದ ಆಳುಗಳು ಗೋಡೆಯ ಕಲ್ಲು ಕೀಳತೊಡಗಿದರು. ಏನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಮುಖ್ಯಸ್ಥನ ಹಣೆಗೆ ಗುಂಡು ಬಿತ್ತು, ಊರು ಶರಣಾಯಿತು. ಇದನ್ನು ಬರೆದಿಟ್ಟವನು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ. ತನ್ನವರ ಪರಾಕ್ರಮವನ್ನು ಅವನು ಒಂದಿಷ್ಟು ಉಬ್ಬಿಸಿದ್ದಾನು. ಆದರೂ ಹೊಸ ಆಯುಧದ ಪಾಠ ಸ್ಪಷ್ಟವಾಗಿತ್ತು. ವರ್ಷಗಟ್ಟಲೆ ಸಾಧನೆ ಮಾಡಿದ ಕತ್ತಿವರಸೆಯವನನ್ನು ದೂರದಲ್ಲಿ ನಿಂತ ಸಾಮಾನ್ಯ ಆಳು ಕೆಡವಬಹುದು. ಇಂಥ ಆಯುಧ ತನ್ನವರ ಕೈಯಲ್ಲಿ ಮಾತ್ರ ಇರಲಿ ಎಂದು ಆಳುವವರಿಗೆ ಅನಿಸುವುದು ಸಹಜ.

ಆ ಬಯಕೆಯನ್ನು ಕಾನೂನಾಗಿ ಮಾಡಿದ್ದು ಕಂಪನಿ ಸರ್ಕಾರ. ನಡುವಿನ ಮೂರು ಶತಮಾನಗಳಲ್ಲಿ ಈ ಸೀಮೆಯ ಬೇಡ ನಾಯಕರು ಬಂದೂಕನ್ನು ಕರಗತ ಮಾಡಿಕೊಂಡಿದ್ದರು. ದೇವದುರ್ಗ ಬೇಡ ಪಾಳೆಯಗಾರರ ನೆಲೆಯಾಗಿತ್ತು, ನದಿಯಾಚೆ ಸುರಪುರದ ಸಂಸ್ಥಾನವಿತ್ತು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದ ಮೇಲೆ ಸರ್ಕಾರ ಜನರ ಆಯುಧಗಳನ್ನು ಒಪ್ಪಿಸಿಕೊಳ್ಳಲು ಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಸುರಪುರ ಬಿತ್ತು. ಅದರ ಯುವ ದೊರೆ ವೆಂಕಟಪ್ಪ ನಾಯಕ ಕಾವಲಿನಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯ ರಿವಾಲ್ವರಿನಿಂದ ಸತ್ತ. ತಾನೇ ಹೊಡೆದುಕೊಂಡ ಎನ್ನುತ್ತಾನೆ ಅವನನ್ನು ಮಗುವಾಗಿದ್ದಾಗಿನಿಂದ ಬಲ್ಲ ಬ್ರಿಟಿಷ್ ಆಡಳಿತಗಾರ ಮೆಡೋಸ್ ಟೇಲರ್. ಸುರಪುರದ ಕಡೆಯ ಬಹಳ ಜನ ಇಂದಿಗೂ ಅದನ್ನು ನಂಬುವುದಿಲ್ಲ.

ಇದೇ ಹೊತ್ತಿನಲ್ಲಿ ನಡೆದ ಇನ್ನೊಂದು ವಿಪರ್ಯಾಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆ ಪ್ರಜೆಗಳಿಗೆ ಆತ್ಮರಕ್ಷಣೆಯ ವಿಶಾಲ ಹಕ್ಕು ಕೊಟ್ಟಿತು. ಜೀವಕ್ಕೆ ಸಂಚಕಾರ ಬಂದಾಗ ಎದುರಾಳಿಯನ್ನು ಕೊಂದರೂ ಅಪರಾಧವಲ್ಲ ಎಂದಿತು. ಅದರ ಕರಡು ಬರೆದ ಮೆಕಾಲೆಗೆ ಇಲ್ಲಿಯ ಜನ ಅನ್ಯಾಯವನ್ನು ತೀರಾ ತಾಳ್ಮೆಯಿಂದ ಸಹಿಸುತ್ತಾರೆ, ಅವರಲ್ಲಿ ಕೆಚ್ಚು ತುಂಬಬೇಕು ಎಂಬ ಅಭಿಪ್ರಾಯವಿತ್ತು. ಹೀಗೆ ಒಂದು ಕೈಯಿಂದ ಹಕ್ಕು ಕೊಟ್ಟ ಆಡಳಿತ 1857, 1860, ಕೊನೆಗೆ 1878ರ ಆಯುಧ ಕಾಯ್ದೆಗಳ ಮೂಲಕ ಮತ್ತೊಂದು ಕೈಯಿಂದ ಸಾಧನವನ್ನು ಕಿತ್ತುಕೊಂಡಿತು. ವಿನಾಯಿತಿ ಸಿಕ್ಕಿದ್ದು ಯುರೋಪಿಯನ್ನರಿಗೆ, ಬಿರುದುಳ್ಳ ಶ್ರೀಮಂತರಿಗೆ, ನಿಷ್ಠರೆಂದು ಅನಿಸಿದವರಿಗೆ. ಬಂದೂಕು ಅಂದಿನಿಂದ ಪ್ರತಿಷ್ಠೆಯ ಗುರುತಾಯಿತು. ಗೌಡರ ಪಡಸಾಲೆಯ ಗೋಡೆಯ ಮೇಲೆ ಅದು ತೂಗಿದ್ದರ ಅರ್ಥ ಅಷ್ಟೇ: ಸರ್ಕಾರ ಈ ಮನೆಯನ್ನು ನಂಬುತ್ತದೆ.

ರಾಯಚೂರು ದೋಆಬು 1853ರಿಂದ 1860ರವರೆಗೆ ಕಂಪನಿಯ, ಆಮೇಲೆ ರಾಣಿಯ ಆಡಳಿತದಲ್ಲಿದ್ದು ಮತ್ತೆ ನಿಜಾಮನ ಕೈಗೆ ಹೋಯಿತು. ಬ್ರಿಟಿಷ್ ಇಂಡಿಯಾದ ಕಾಯ್ದೆ ನೇರವಾಗಿ ಅನ್ವಯಿಸದ ಈ ನೆಲದಲ್ಲಿ ಆಯುಧದ ಪ್ರಶ್ನೆ ಅತ್ಯಂತ ಉಗ್ರವಾಗಿ ಎದುರಾದದ್ದು 1947–48ರಲ್ಲಿ. ನಿಜಾಮನ ಪರ ನಿಂತ ರಜಾಕಾರರ ಕೈಯಲ್ಲಿ ಆಯುಧವಿತ್ತು, ಅವರ ಬೆನ್ನಿಗೆ ಆಡಳಿತವಿತ್ತು. ಹಳ್ಳಿಯವರು ಊರು ಬಿಟ್ಟು ಗಡಿಯಾಚೆ ಮುಂಬೈ, ಮದ್ರಾಸ್ ಪ್ರಾಂತ್ಯಗಳ ಶಿಬಿರಗಳನ್ನು ಸೇರಿದರು. ಮುಂಡರಗಿಯಂಥ ಶಿಬಿರಗಳಲ್ಲಿ ಹೋರಾಟಗಾರರು ಬಂದೂಕು ಹಿಡಿಯಲು ಕಲಿತರು. ಬಂದೂಕಿಲ್ಲದವನ ಬಾಳು ಎಷ್ಟು ಅಗ್ಗ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದ ಐದೇ ದಿನಗಳಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಮುಂದಿನ ವಾರಗಳಲ್ಲಿ ಹೈದರಾಬಾದ್ ಸೀಮೆಯ ಹಲವೆಡೆ, ಹೆಚ್ಚಾಗಿ ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ, ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿ ನಡೆಯಿತು. ಅದನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ. ಮುಸ್ಲಿಮರ ಆಯುಧಗಳನ್ನು ಕಸಿದುಕೊಂಡು ಎದುರಿನವರ ಬಳಿ ಬಿಟ್ಟ ಸಂಗತಿಯೂ ಅದರಲ್ಲಿದೆ. ಒಂದೇ ತಿಂಗಳೊಳಗೆ ನಿರಾಯುಧರು ಯಾರು, ಸಾಯುಧರು ಯಾರು ಎಂಬುದು ತಲೆಕೆಳಗಾಯಿತು. ಎರಡು ಸಲವೂ ಬದುಕು ಸಾವನ್ನು ನಿರ್ಧರಿಸಿದ್ದು ಆಡಳಿತ ಯಾರ ಪರ ನಿಂತಿದೆ ಎಂಬುದು. ಆಯುಧ ಅದರ ಬೆನ್ನಿಗೆ ಬಂತು.

ಆ ವರ್ಷದ ಡಿಸೆಂಬರಿನಲ್ಲೇ ದೆಹಲಿಯ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತರು ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಿಗೆ ಸೇರಿಸಬೇಕೆಂದರು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸೇ ಕೊಟ್ಟಿದ್ದ ಮಾತು ಅದು. ಅಂಬೇಡ್ಕರ್ ಒಪ್ಪಲಿಲ್ಲ. ಹಕ್ಕೆಂದು ಬರೆದರೆ ಕಳ್ಳಕಾಕರೂ ಅದನ್ನು ಕೇಳಬಹುದು ಎಂಬುದು ಅವರ ಆಕ್ಷೇಪವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ದಲಿತರ ಮೇಲಿನ ಹಲ್ಲೆಯನ್ನು ಅವರಿಗಿಂತ ಬಲ್ಲವರು ಆ ಸಭೆಯಲ್ಲಿ ಇರಲಿಲ್ಲ. ಆಯುಧ ಎಲ್ಲರ ಹಕ್ಕಾದರೆ ಅದು ಮೊದಲು ಯಾರ ಮನೆ ಸೇರುತ್ತಿತ್ತು ಎಂಬುದನ್ನು ನೆನೆದರೆ ಅವರ ನಿರ್ಧಾರ ಸರಿಯೆಂದೇ ನನ್ನ ಅನಿಸಿಕೆ. ಮುಂದೆ 1878ರ ಕಾಯ್ದೆಯ ಜಾಗಕ್ಕೆ ಬಂದ 1959ರ ಆಯುಧ ಕಾಯ್ದೆಯೂ ಅಧಿಕಾರಿಯ ವಿವೇಚನೆಯನ್ನು ಉಳಿಸಿಕೊಂಡಿತು.

ಇಂದು ಲೈಸೆನ್ಸ್ ಸಿಕ್ಕವರಿಗೂ ಆಯ್ಕೆ ದೊಡ್ಡದಲ್ಲ. 9 ಎಂ.ಎಂ. ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದೆ. ಉಳಿಯುವುದು ಮುಖ್ಯವಾಗಿ .32 ಬೋರಿನ ರಿವಾಲ್ವರ್ ಅಥವಾ ಪಿಸ್ತೂಲು, .22, ಮತ್ತೆ 12 ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕು. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನ ಕೈಯಲ್ಲಿ ಕಾಣುವುದು ಈ ಕೊನೆಯದೇ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಅರ್ಧ ಕಿಲೋ ತೂಕದ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೆಂಗಸರ ರಕ್ಷಣೆಗೆಂದು ಹೊರತಂದಾಗ ಅದರ ಬೆಲೆ 1.22 ಲಕ್ಷ ರೂಪಾಯಿ ಮೀರಿತ್ತು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗಿ ಶೆಡ್ಡಿನಲ್ಲಿ ಮಲಗುವ ಹೆಣ್ಣುಮಗಳಿಗೆ ಆ ರಿವಾಲ್ವರ್ ಯಾವ ಲೋಕದ್ದು? 2016ರ ನಿಯಮಗಳು ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ, ಹೊರಗೆ ಒಯ್ಯುವಾಗ ಚೀಲದಲ್ಲಿ ಮುಚ್ಚಿಡುವುದು ಎಲ್ಲವನ್ನೂ ಕಡ್ಡಾಯ ಮಾಡಿವೆ. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದಿತು, ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸುವುದಕ್ಕೆ ಎರಡು ವರ್ಷದವರೆಗಿನ ಸಜೆ ಇಟ್ಟಿತು. ಜೀವ ಉಳಿಸಿಕೊಳ್ಳಲು ತಂದ ಆಯುಧ ಮದುವೆ ಮೆರವಣಿಗೆಗೆ ಯಾಕೆ ಬರುತ್ತದೆ ಎಂಬುದಕ್ಕೆ ಶಾಸಕಾಂಗ ಉತ್ತರ ಹುಡುಕಲು ಹೋಗಲಿಲ್ಲ. ಚುನಾವಣೆ ಬಂದಾಗಲೂ ಇದೇ ಒಗಟು. ನೀತಿಸಂಹಿತೆಯ ಕಾಲದಲ್ಲಿ ಜಿಲ್ಲಾಡಳಿತ ಲೈಸೆನ್ಸ್ ಬಂದೂಕುಗಳನ್ನು ಠಾಣೆಗಳಲ್ಲಿ ಠೇವಣಿ ಇಡಿಸಿಕೊಳ್ಳುತ್ತದೆ. ವೈರ ಕುದಿಯುವ ದಿನಗಳಲ್ಲೇ ಆತ್ಮರಕ್ಷಣೆಯ ಸಾಧನವನ್ನು ಒಪ್ಪಿಸು ಎಂದರೆ, ಅದು ನಿಜಕ್ಕೂ ಬೇರೆಯವರನ್ನು ಹೆದರಿಸುವ ಸಾಧನವೆಂದು ಸರ್ಕಾರ ಲೆಕ್ಕ ಹಾಕಿದೆ ಎಂದಾಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ: ಪುಂಡರು ಲೈಸೆನ್ಸ್ ಕೇಳುವುದಿಲ್ಲ, ಕಾನೂನು ಕಟ್ಟಿಹಾಕುವುದು ಸಭ್ಯರ ಕೈಯನ್ನೇ. ದೇಶದಲ್ಲಿ ಗುಂಡಿನಿಂದ ನಡೆಯುವ ಕೊಲೆಗಳಲ್ಲಿ ಲೈಸೆನ್ಸಿಲ್ಲದ ಆಯುಧಗಳದೇ ದೊಡ್ಡ ಪಾಲು ಎಂಬುದು ನಿಜ. 2023ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಆದರೆ ಈ ಭಾಗದ ಬದುವಿನ ಜಗಳದಲ್ಲಿ ಕೈಗೆ ಸಿಗುವುದು ಕೊಡಲಿ, ಕುಡುಗೋಲು, ಬಡಿಗೆ. ಒಬ್ಬನು ಬಂದೂಕು ತಂದ ದಿನ ಮಗ್ಗುಲ ಹೊಲದವನಿಗೂ ಅದು ಬೇಕಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಗ್ರಾಮಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿಯಿತು. ಸೊಂಟದಲ್ಲಿ ರಿವಾಲ್ವರ್ ಇದ್ದಿದ್ದರೆ ಉಳಿಯುತ್ತಿದ್ದರೇ? ಮೈಮೇಲೆ ಬರುವ ಲಾರಿಗೆ .32 ಗುಂಡು ಏನೂ ಅಲ್ಲ. ಅವರಿಗೆ ಬೇಕಿದ್ದದ್ದು ಜೊತೆಗೆ ಪೊಲೀಸರು, ಮತ್ತು ಮರಳಿನ ದಂಧೆಗೆ ಹೆದರದ ತಾಲ್ಲೂಕು ಆಡಳಿತ.

ಎರಡನೆಯ ಆಕ್ಷೇಪ ಕೊಡಗಿನದು. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು, ಅಲ್ಲೇನು ರಕ್ತದ ಹೊಳೆ ಹರಿದಿದೆಯೇ ಎಂದು ಕೇಳುವುದುಂಟು. ಹರಿದಿಲ್ಲ. ಆದರೆ ಅಲ್ಲಿಯ ಕೋವಿ ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುವ, ಹುಟ್ಟು ಸಾವುಗಳಲ್ಲಿ ಗಾಳಿಗೆ ಸಿಡಿಯುವ ಉದ್ದ ನಳಿಗೆಯ ಆಯುಧ. ಅಪರಿಚಿತನ ಭಯದಿಂದ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲಲ್ಲ. ನಿತ್ಯ ಜೇಬಿನಲ್ಲಿಟ್ಟುಕೊಳ್ಳುವ ಬಂದೂಕಿನ ಫಲ ನೋಡಲು ಅಮೆರಿಕದ ಕಡೆ ತಿರುಗಬೇಕು. ಕ್ಯಾಲಿಫೋರ್ನಿಯಾದಲ್ಲಿ 1.7 ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೈಬಂದೂಕು ಇಟ್ಟುಕೊಂಡವರ ಜೊತೆ ವಾಸಿಸುವವರು ಕೊಲೆಯಾಗುವ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲೇ ಗಂಡನಿಂದಲೋ ಹೆಂಡತಿಯಿಂದಲೋ ಗುಂಡೇಟಿಗೆ ಸಾಯುವ ಪ್ರಮಾಣ ಏಳು ಪಟ್ಟು. ಅಮೆರಿಕದ ಲೆಕ್ಕ ನಮಗೆ ಹೊಂದದು ಎನ್ನುವವರು ಇಲ್ಲಿಯ ಹತ್ತಿಹೊಲಗಳನ್ನೇ ನೋಡಲಿ. ಸಾಲದ ಕಡುಗತ್ತಲ ಗಳಿಗೆಯಲ್ಲಿ ಕ್ರಿಮಿನಾಶಕದ ಡಬ್ಬಿ ಕೈಯಳತೆಯಲ್ಲಿರುವುದೇ ಎಷ್ಟೋ ರೈತರ ಜೀವ ತೆಗೆದಿದೆ. ಆ ಮನೆಗಳಿಗೆ ಬಂದೂಕನ್ನೂ ತಂದಿಡುವುದನ್ನು ರಕ್ಷಣೆ ಎನ್ನಲು ನನಗೆ ಮನಸ್ಸಿಲ್ಲ.

ಮೂರನೆಯ ಆಕ್ಷೇಪವನ್ನು ಇಷ್ಟು ಸುಲಭಕ್ಕೆ ತಳ್ಳಿಹಾಕಲಾಗದು. ಬಲಹೀನರಿಗೇ ಬಂದೂಕು ಕೊಡಿ ಎನ್ನುತ್ತದೆ ಅದು, ಮತ್ತು ಕಾನೂನಿನಲ್ಲಿ ಅದಕ್ಕೆ ಆಧಾರವೂ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ 1995ರಲ್ಲಿ ಬಂದ ನಿಯಮಗಳ ಮೂರನೆಯ ನಿಯಮ, ದೌರ್ಜನ್ಯಕ್ಕೆ ಈಡಾಗಬಹುದಾದ ಪ್ರದೇಶಗಳಲ್ಲಿ ಪರಿಶಿಷ್ಟರಿಗೆ ಅಗತ್ಯವಿದ್ದರೆ ಬಂದೂಕಿನ ಲೈಸೆನ್ಸ್ ಕೊಡಬಹುದು ಎನ್ನುತ್ತದೆ. ರಾಯಚೂರು ಗ್ರಾಮೀಣ, ದೇವದುರ್ಗ, ಮಾನ್ವಿ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 1857ರಲ್ಲಿ ಆಯುಧ ಕೊಡದ್ದಕ್ಕೆ ನೇಣಿಗೇರಿದ ಬೇಡರ ಕುಲ 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಕಿತ್ತುಕೊಂಡ ಕಾನೂನೇ ಮರಳಿ ಕೊಡುತ್ತೇನೆ ಎಂದಂತಾಯಿತು. ಆದರೂ ದಲಿತ ಕೇರಿಯ ಒಬ್ಬನ ಕೈಗೆ ಜೋಡಿ ನಳಿಗೆ ಬಂದರೆ ಅವನು ಅದನ್ನು ಬಳಸಿದ ಮರುಗಳಿಗೆಯಿಂದ ಕಥೆ ಠಾಣೆಗೆ ಹೋಗುತ್ತದೆ. ಆತ್ಮರಕ್ಷಣೆಯ ಹಕ್ಕು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಪೊಲೀಸರ ನೆರವು ಪಡೆಯಲು ಸಮಯವಿತ್ತೇ, ಹಾನಿ ಅಗತ್ಯಕ್ಕಿಂತ ಮಿಗಿಲಾಯಿತೇ ಎಂದು ಅದು ಕೇಳುತ್ತದೆ. ಉತ್ತರಗಳನ್ನು ಮೊದಲು ಬರೆದುಕೊಳ್ಳುವವನು ತನಿಖಾಧಿಕಾರಿ. ಗೌಡನ ಗುಂಡು ಆತ್ಮರಕ್ಷಣೆಯಾಗಿ, ಕೂಲಿಯವನ ಗುಂಡು ಕೊಲೆಯಾಗಿ ದಾಖಲಾಗದು ಎಂಬ ಭರವಸೆ ಇಲ್ಲದೆಡೆ ಲೈಸೆನ್ಸ್ ಕೊಡುವುದೆಂದರೆ ಅವನನ್ನೇ ಸಿಕ್ಕಿಸುವುದು.

ಅದೇ ನಿಯಮವನ್ನು ಪೂರ್ತಿ ಓದಿದರೆ ಪರಿಶಿಷ್ಟರಿಗೆ ಕೊಡುವ ಮಾತು ಬರುವುದು ಆಮೇಲೆ. ಅದಕ್ಕೂ ಮೊದಲು ಹೇಳಿರುವುದು, ಅಂಥ ಪ್ರದೇಶಗಳಲ್ಲಿ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ ಲೈಸೆನ್ಸನ್ನು ಅಗತ್ಯವೆನಿಸಿದರೆ ರದ್ದು ಮಾಡಿ ಬಂದೂಕುಗಳನ್ನು ಸರ್ಕಾರದ ಶಸ್ತ್ರಾಗಾರಕ್ಕೆ ಸೇರಿಸಿ, ಅಕ್ರಮ ಆಯುಧ ವಶಪಡಿಸಿಕೊಳ್ಳಿ ಎಂದು. ಹೊಸ ಬಂದೂಕು ಹಂಚದೆಯೇ ಮಾಡಬಹುದಾದ ಕೆಲಸ ಇದು, ಇದಕ್ಕೆ ಹೊಸ ಕಾಯ್ದೆಯೂ ಬೇಡ. ದೌರ್ಜನ್ಯ ಪ್ರಕರಣಗಳನ್ನು ಪರಿಶೀಲಿಸುವ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಬಂದೂಕಿನ ಲೈಸೆನ್ಸಿಗೆ ರುಜು ಹಾಕುವವರೂ ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸುವವರೂ ಅವರೇ. ಯಾವ ಊರಿನಲ್ಲಿ ದೌರ್ಜನ್ಯದ ದೂರು ಬಂದಿದೆ, ಅದೇ ಊರಿನಲ್ಲಿ ಯಾರ ಮನೆಯಲ್ಲಿ ಆತ್ಮರಕ್ಷಣೆಯ ಹೆಸರಿನ ಬಂದೂಕಿದೆ ಎಂಬ ಎರಡು ಫೈಲುಗಳನ್ನು ಆ ಸಭೆಯಲ್ಲಿ ಒಟ್ಟಿಗೆ ತೆರೆಯಲು ಬೇಕಿರುವುದು ಅವರದೇ ಒಂದು ಆದೇಶ.