ಗುಡಿಗೆ ಪ್ರೊಜೆಕ್ಟರ್ ತರುವ ಮುಂಚೆ



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಸಂಘಗಳ ಸಭೆಗೆ ಹೋದಾಗ ಇತ್ತೀಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. "ನಮ್ಮ ಗುಡಿಗೆ ಒಂದು ಪ್ರೊಜೆಕ್ಟರ್ ತರಬೇಕಂತ ಮಾಡೇವ್ರಿ, ಯಾವುದು ತರಬೇಕು?" ಹಾಡಿನ ಪುಸ್ತಕ ಎಲ್ಲರಿಗೂ ಸಾಲುವುದಿಲ್ಲ. ಇದ್ದ ಪುಸ್ತಕದ ಸಣ್ಣ ಅಕ್ಷರ ವಯಸ್ಸಾದವರಿಗೆ ಕಾಣುವುದಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ ಬಂದರೆ ಎಲ್ಲರೂ ಕೂಡಿ ಹಾಡಬಹುದು ಎಂಬ ಆಸೆ. ಒಳ್ಳೆಯ ಆಸೆಯೇ. ಆದರೆ ಈ ರೊಕ್ಕ ಭತ್ತ ನಾಟಿ ಮಾಡಿದ ಕೂಲಿಯಲ್ಲಿ ಉಳಿಸಿದವರ ಕೈಯಿಂದ ಬರುವಂಥದ್ದು. ಒಮ್ಮೆ ತಪ್ಪಿದರೆ ಮತ್ತೆ ಕೂಡಿಸಲು ವರ್ಷಗಳು ಬೇಕು.

ನಾವೇ ಒಮ್ಮೆ ಮೋಸ ಹೋದದ್ದನ್ನು ಮೊದಲು ಹೇಳಿಬಿಡುತ್ತೇವೆ. ತರಬೇತಿಗೆ ಆಗುತ್ತದೆ, ಗುಡಿಗೂ ಆಗುತ್ತದೆ ಎಂದು ಹತ್ತು ಸಾವಿರದೊಳಗೆ ಒಂದು ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ತಂದೆವು. ಅಂಗಡಿಯವರು ಶಟರ್ ಅರ್ಧ ಇಳಿಸಿ ತೋರಿಸಿದಾಗ ಸಿನಿಮಾದಂತೆ ಕಂಡಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೂಜೆ. ಬಾಗಿಲು, ಕಿಟಕಿ ಎಲ್ಲಾ ತೆರೆದಿವೆ, ಒಳಗೆ ಬಿಸಿಲು ಬಂದಿದೆ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು, "ಬೆಳದಿಂಗಳು ಬಿದ್ದಂಗ ಕಾಣಕ್ಕತ್ತೈತಿ, ಅಕ್ಷರ ಎಲ್ಲಿ ಅದಾವ್ರಿ?" ಅಂದರು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ಏಕೆ ಹೀಗಾಯಿತು? ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಹಾಕಲು ಬರುವುದಿಲ್ಲ. ಅದು ಬೆಳಕನ್ನು ಮಾತ್ರ ಚೆಲ್ಲುತ್ತದೆ. ಕಪ್ಪು ಅಕ್ಷರ ಎಂದರೆ ಬೆಳಕು ಬೀಳದೆ ಉಳಿದ ಗೋಡೆ, ಅಷ್ಟೇ. ಆ ಜಾಗದ ಮೇಲೆ ಕಿಟಕಿಯ ಬೆಳಕು ಬಿದ್ದರೆ ಅಕ್ಷರವೇ ಅಳಿಸಿಹೋಗುತ್ತದೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಹಾಗಲ್ಲ. ಅದು ಕಲ್ಲಲ್ಲಿ ಕೊರೆದದ್ದು, ಓದಲು ಬೆಳಕೇ ಬೇಕು. ಪ್ರೊಜೆಕ್ಟರ್ ಅಕ್ಷರಕ್ಕೆ ಬೆಳಕೇ ವೈರಿ. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಪೂಜೆಯ ಹೊತ್ತಿಗೆ ಗುಡಿಯಲ್ಲಿ ನಿಂತು ಗೋಡೆ ನೋಡಿ. ಎಲ್ಲಿ ಬಿಸಿಲು ಬೀಳುತ್ತದೆ, ಯಾವ ಕಿಟಕಿಗೆ ಪರದೆ ಹಾಕಬಹುದು? ನೂರಿನ್ನೂರು ರೂಪಾಯಿಯ ದಪ್ಪ ಬಟ್ಟೆ ಎಷ್ಟೋ ಸಾವಿರ ಉಳಿಸಬಹುದು.

ಬೆಳಕಿನ ಅಳತೆಗೆ ಲುಮೆನ್ ಎನ್ನುತ್ತಾರೆ. ಅಗ್ಗದ ಡಬ್ಬಿಗಳ ಮೇಲೆ 9000 ಲುಮೆನ್ ಎಂದೆಲ್ಲಾ ಬರೆದಿರುತ್ತಾರೆ. ಅದನ್ನು ನಂಬಬೇಡಿ. "ಆನ್ಸಿ ಲುಮೆನ್ ಎಷ್ಟು?" ಎಂದು ಕೇಳಿ. ಐಎಸ್‌ಒ ಅಳತೆ ಎಂದು ಬರೆದಿದ್ದರೂ ಸರಿ. ಆಗ ಆ 9000 ಕೆಲವು ನೂರಕ್ಕೆ ಇಳಿಯುವುದುಂಟು. ಹಾಗೆಯೇ "1080 ಸಪೋರ್ಟ್" ಎಂದರೆ ಅಷ್ಟು ಸ್ಪಷ್ಟ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದರ್ಥ, ಅಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂದಲ್ಲ.

ಎಷ್ಟು ಲುಮೆನ್ ಬೇಕು ಎಂಬುದಕ್ಕೆ ಸಂಘದ ಲೆಕ್ಕದಷ್ಟೇ ಸುಲಭದ ಲೆಕ್ಕವಿದೆ. ಬೆಳಕಿರುವ ಹಾಲ್‌ನಲ್ಲಿ ಚಿತ್ರದ ಒಂದು ಚದರ ಅಡಿಗೆ ಸುಮಾರು 80 ಲುಮೆನ್ ಇಟ್ಟುಕೊಳ್ಳಿ. ಎಂಟು ಅಡಿ ಅಗಲ, ಐದು ಅಡಿ ಎತ್ತರದ ಚಿತ್ರವೆಂದರೆ 40 ಚದರ ಅಡಿ, 3200 ಲುಮೆನ್. ಹತ್ತು ಅಡಿ ಅಗಲ ಮಾಡಿದರೆ 5000 ಬೇಕು. ಆರು ಅಡಿ ಸಾಕು ಎಂದರೆ 1800. ನೇರ ಬಿಸಿಲು ಬೀಳುವ ಗೋಡೆಗೆ ಇದ್ಯಾವುದೂ ಸಾಲದು. "ದೊಡ್ಡದಾಗಿ ಬರಲಿ" ಎಂದು ಎಳೆದಷ್ಟೂ ಮಸುಕಾಗುತ್ತದೆ. ಒಂದೇ ಸೇರು ಹಿಟ್ಟಿನಲ್ಲಿ ರೊಟ್ಟಿ ಎಷ್ಟು ದೊಡ್ಡದು ತಟ್ಟಿದರೂ ಹಿಟ್ಟು ಅಷ್ಟೇ ತಾನೆ!

ಹಾಗೆಂದು ಅಕ್ಷರ ಸಣ್ಣದಾಗಬಾರದು. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಬೇಕು. ನಲವತ್ತು ಅಡಿ ಉದ್ದದ ಗುಡಿಯಲ್ಲಿ ಹಿಂದೆ ಕುಳಿತವರಿಗೆ ನಾಲ್ಕು ಅಂಗುಲ. ನಮ್ಮ ಕನ್ನಡಕ್ಕೆ ಒತ್ತಕ್ಷರ ಬೇರೆ. ಕೆಳಗೆ ಜಾಗ ಬಿಡದಿದ್ದರೆ ಸಾಲಿಗೆ ಸಾಲು ಸಿಕ್ಕಿಕೊಳ್ಳುತ್ತದೆ. ಐದು ಅಡಿ ಎತ್ತರದ ಚಿತ್ರದಲ್ಲಿ ಆರೇ ಸಾಲು ಹಾಕಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಹೂವು, ಜಲಪಾತದ ಚಿತ್ರ ಹಿಂದೆ ಹಾಕುವ ಹುಡುಗರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಬೇಕಾಗುತ್ತದೆ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಹಾಡು ಬೇರೆ ಲ್ಯಾಪ್‌ಟಾಪ್‌ನಲ್ಲಿ ಗಜಿಬಿಜಿಯಾಗಿ ಬರುವುದುಂಟು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಎಲ್ಲಿ ತೋರಿಸಬೇಕು? ಬಲಿಪೀಠದ ಹಿಂದಿನ ಗೋಡೆ, ಶಿಲುಬೆ ಇರುವ ಜಾಗ ಬೇಡ. ಪಕ್ಕದ ಗೋಡೆಗೆ ಹೊಳಪಿಲ್ಲದ ಬಿಳಿ ಸುಣ್ಣ ಹಚ್ಚಿದರೆ ಪರದೆಯ ಖರ್ಚು ಉಳಿಯುತ್ತದೆ. ನಾವು ನೆಲದ ಮೇಲೆ ಕುಳಿತಾಗ ಕಾಣುವುದು ಎದ್ದು ನಿಂತಾಗ ಕಾಣುವುದಿಲ್ಲ. ಪೂಜೆಯಲ್ಲಿ ನಿಲ್ಲುವುದೇ ಬಹಳ ಹೊತ್ತು. ಆದ್ದರಿಂದ ಚಿತ್ರದ ಕೆಳಗಿನ ಅಂಚು ನೆಲದಿಂದ ಆರು ಅಡಿಯ ಮೇಲಿರಲಿ. ಇನ್ನೊಂದು ಮಾತು: ಸಾಮಾನ್ಯ ಪ್ರೊಜೆಕ್ಟರ್ ಎಂಟು ಅಡಿ ಅಗಲದ ಚಿತ್ರಕ್ಕೆ ಸುಮಾರು ಹನ್ನೆರಡು ಅಡಿ ದೂರದಲ್ಲಿರಬೇಕು. ಅಂದರೆ ಜನರ ನಡುವೆ ಬರುತ್ತದೆ. ಮೇಲೆ ತೂಗುಹಾಕುವ ಸ್ಟ್ಯಾಂಡ್, ಉದ್ದದ ವೈರು, ಇವುಗಳ ಖರ್ಚನ್ನು ಮೊದಲೇ ಸೇರಿಸಿ. ಹದಿನೈದು ಮೀಟರ್ ಮೀರಿದರೆ ಸಾದಾ ಎಚ್‌ಡಿಎಂಐ ವೈರಿನಲ್ಲಿ ಚಿತ್ರ ಬಾರದೇ ಹೋಗಬಹುದು.

ಇಪ್ಪತ್ತು ಅಡಿಯ ಸಣ್ಣ ಪ್ರಾರ್ಥನಾಲಯವಾದರೆ ಪ್ರೊಜೆಕ್ಟರೇ ಬೇಡ ಎನ್ನುತ್ತೇವೆ. 55 ಇಂಚಿನ ಟಿವಿ ನಾಲ್ಕು ಅಡಿ ಅಗಲ ಬರುತ್ತದೆ. ನೇರ ಬಿಸಿಲು ಬೀಳದಿದ್ದರೆ ಹಗಲಿನಲ್ಲೂ ಚೆನ್ನಾಗಿ ಓದಬಹುದು. ಒಳ್ಳೆಯ ಕಂಪನಿಯ 3300 ಲುಮೆನ್ ಪ್ರೊಜೆಕ್ಟರಿಗೂ ಅದಕ್ಕೂ ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ನಲವತ್ತು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

"ಲೇಸರ್ ತಗೊಳ್ರಿ, ಇಪ್ಪತ್ತು ಸಾವಿರ ತಾಸು ಬರ್ತದ" ಎಂದು ಹೇಳುವವರಿದ್ದಾರೆ. ವಾರಕ್ಕೆ ಮೂರು ತಾಸು ಹಚ್ಚಿದರೆ ವರ್ಷಕ್ಕೆ 150 ತಾಸು. ಐದು ಸಾವಿರ ತಾಸಿನ ಸಾದಾ ಬಲ್ಬೇ ಲೆಕ್ಕಕ್ಕೆ ಮೂವತ್ತು ವರ್ಷ ಬಂತು. ಹೆಚ್ಚಿನ ರೊಕ್ಕ ಏಕೆ ಕೊಡಬೇಕು? ನಮ್ಮ ಕಡೆ ಯಂತ್ರ ಕೆಡುವುದು ಧೂಳು, ಬಿಸಿಲು, ಕರೆಂಟಿನಿಂದ. ಭತ್ತ ಕೊಯ್ಲಿನ ಧೂಳು ಫಿಲ್ಟರಿನಲ್ಲಿ ಕುಳಿತರೆ ಗಾಳಿ ಆಡದೆ ಒಳಗೆ ಕಾಯುತ್ತದೆ. ತಿಂಗಳಿಗೊಮ್ಮೆ ಮೆತ್ತಗಿನ ಬ್ರಶ್‌ನಿಂದ ತೆಗೆಯಿರಿ. ಇಂಥ ಯಂತ್ರ 300 ವ್ಯಾಟಿನ ಆಸುಪಾಸು ಕರೆಂಟ್ ಎಳೆಯುತ್ತದೆ, ಇನ್ವರ್ಟರ್ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ.

ಸಂಘದ ಉಳಿತಾಯವನ್ನು ಇದಕ್ಕೆ ಮುಟ್ಟಬೇಡಿ ಎಂಬುದು ನಮ್ಮ ವಿನಂತಿ. ಅದು ಸಾಲ ಬೇಕಾದ ಅಕ್ಕತಂಗಿಯರ ಹಣ. ಕೊಡುವವರು ತಮ್ಮ ಕೈಯಿಂದ ಬೇರೆ ವಂತಿಗೆ ಕೊಡಲಿ, ಲೆಕ್ಕವೂ ಬೇರೆ ಪುಸ್ತಕದಲ್ಲಿರಲಿ. ಮುಂಗಡ ಕೊಡುವ ಮುಂಚೆ ಅಂಗಡಿಯವರಿಗೆ ಒಂದೇ ಷರತ್ತು ಹಾಕಿ: ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತಿಗೆ ಯಂತ್ರವನ್ನು ಗುಡಿಗೇ ತಂದು ಹಚ್ಚಿ ತೋರಿಸಬೇಕು. ಅವರು ಒಪ್ಪದಿದ್ದರೆ ಅಂಥದ್ದೇ ಒಂದನ್ನು ಒಂದು ದಿನಕ್ಕೆ ಬಾಡಿಗೆಗೆ ತಂದು ನೋಡಿ. ಆ ದಿನ ಎಲ್ಲಕ್ಕಿಂತ ಹಿಂದೆ ಕೂಡುವ, ಕಣ್ಣು ಮಂಜಾದ ಅವ್ವನನ್ನು ಅವರ ಜಾಗದಲ್ಲೇ ಕೂಡಿಸಿ, ಓದಲು ಹೇಳಿ. ಅವರಿಗೆ ಓದು ಬರದಿದ್ದರೆ ಪಕ್ಕದಲ್ಲಿ ಐದನೇ ಕ್ಲಾಸಿನ ಮೊಮ್ಮಗಳು ಕೂಡಲಿ. ಇಬ್ಬರಲ್ಲಿ ಒಬ್ಬರಾದರೂ ತಡವರಿಸದೆ ಓದಿದ ಮೇಲೆ ರೊಕ್ಕ ಎಣಿಸಿ, ಬಿಲ್ಲು ಮತ್ತು ವಾರಂಟಿ ಕಾರ್ಡ್ ಗುಡಿಯ ಹೆಸರಿನಲ್ಲೇ ಬರೆಸಿಕೊಳ್ಳಿ.