ಅಪ್ಪ ಬಂದರಷ್ಟೇ ಬಿಡುಗಡೆ

2022ರ ಆಗಸ್ಟ್ ಕೊನೆಯಲ್ಲಿ ಸೌದಿ ಅರೇಬಿಯಾದ ದಕ್ಷಿಣದ ಊರು ಖಮೀಸ್ ಮುಶೈತ್‌ನಿಂದ ಒಂದು ವಿಡಿಯೊ ಹೊರಬಿತ್ತು. ಸರ್ಕಾರಿ ಅನಾಥಾಲಯವೊಂದರ ಅಂಗಳ. ಯುವತಿಯರು ದಿಕ್ಕಾಪಾಲಾಗಿ ಓಡುತ್ತಿದ್ದಾರೆ. ಸಮವಸ್ತ್ರದವರೂ ಸಾದಾ ಉಡುಪಿನವರೂ ಬೆನ್ನಟ್ಟಿ ಬೆಲ್ಟು, ದೊಣ್ಣೆಗಳಿಂದ ಬಾರಿಸುತ್ತಿದ್ದಾರೆ. ಒಬ್ಬಳನ್ನು ಕೂದಲು ಹಿಡಿದು ಎಳೆದೊಯ್ಯುತ್ತಾರೆ. ಅಲ್ಲಿಯ ಸ್ಥಿತಿಗತಿಯ ಬಗ್ಗೆ ದನಿಯೆತ್ತಿದ್ದಕ್ಕೆ ಸಿಕ್ಕ ಉತ್ತರ ಅದು. ಅಸೀರ್ ಪ್ರಾಂತ್ಯದ ಗವರ್ನರ್ ತನಿಖೆಗೆ ಆದೇಶ ಕೊಟ್ಟರು.

ಹೊರಜಗತ್ತು ಕಣ್ಣಾರೆ ಕಂಡದ್ದು ಆ ಒಂದು ಅಂಗಳವನ್ನು ಮಾತ್ರ. ಅದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಹೆಸರು ಆ ದೇಶದ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಗೊತ್ತು: ದಾರ್ ಅಲ್ ರಿಯಾಯಾ, ಅಂದರೆ ಆರೈಕೆಯ ಮನೆ. ನಮ್ಮಲ್ಲಿ ಮಾತು ಕೇಳದ ಮಕ್ಕಳಿಗೆ ‘ಹಾಸ್ಟೆಲಿಗೆ ಹಾಕಿಬಿಡ್ತೀನಿ ನೋಡು’ ಎನ್ನುತ್ತಾರೆ. ಹಾಕುವುದಿಲ್ಲ ಎಂದು ಮಗುವಿಗೂ ಗೊತ್ತಿರುತ್ತದೆ. ಅಲ್ಲಿ ಹಾಗಲ್ಲ, ಹಾಕುತ್ತಾರೆ. ಈಗ ದೇಶದ ಹೊರಗಿದ್ದು ಈ ಮನೆಗಳನ್ನು ಮುಚ್ಚಿಸಲು ಹೋರಾಡುತ್ತಿರುವ ಸಾರಾ ಅಲ್ ಯಾಹಿಯಾ ಆ ಗೋಡೆಗಳೊಳಗೆ ಇದ್ದವರಲ್ಲ. ಆದರೂ ತಂದೆಯ ಲೈಂಗಿಕ ದೌರ್ಜನ್ಯಕ್ಕೆ ಬಗ್ಗದಿದ್ದರೆ ಅಲ್ಲಿಗೆ ಕಳಿಸುವ ಬೆದರಿಕೆ ಕೇಳಿಕೊಂಡೇ ತಾನು ಬೆಳೆದದ್ದು ಎಂದು ಅವರು ಬಹಿರಂಗವಾಗಿ ಹೇಳಿದ್ದಾರೆ.

ಈ ಮನೆಗಳು ಹುಟ್ಟಿಕೊಂಡದ್ದು 1960ರ ದಶಕದಲ್ಲಿ. ಎಣ್ಣೆಯ ದುಡ್ಡು ಬಂದು ಊರುಗಳು ನಗರಗಳಾಗುತ್ತಿದ್ದ ಕಾಲ. ಹುಡುಗಿಯರಿಗಾಗಿ ಸರ್ಕಾರಿ ಶಾಲೆಗಳು ತೆರೆದದ್ದೂ 1960ರ ಸುಮಾರಿಗೇ. ಅದುವರೆಗೆ ಹೆಣ್ಣಿನ ನಡತೆಯನ್ನು ಕಾಯುತ್ತಿದ್ದದ್ದು ಮನೆತನ, ಬುಡಕಟ್ಟು. ಈಗ ಆ ಕಾವಲಿನ ಒಂದು ಪಾಲನ್ನು ಸರ್ಕಾರ ಕೈಗೆತ್ತಿಕೊಂಡಿತು. ದಾರಿ ತಪ್ಪಿದ ಹುಡುಗರಿಗೊಂದು ಬಗೆಯ ಸಂಸ್ಥೆ, ಹುಡುಗಿಯರಿಗೆ ಇನ್ನೊಂದು. ವ್ಯತ್ಯಾಸ ಇರುವುದು ವಯಸ್ಸಿನಲ್ಲಿ. ಹುಡುಗರ ಸಂಸ್ಥೆ ಹದಿನೆಂಟಕ್ಕೆ ಮುಗಿದರೆ, ಹೆಣ್ಣುಮಕ್ಕಳದ್ದು ಮೂವತ್ತರವರೆಗೂ ಚಾಚುತ್ತದೆ. ಇಪ್ಪತ್ತೆಂಟರ ಹೆಂಗಸೂ ಅಲ್ಲಿ ತಿದ್ದಬೇಕಾದ ಹುಡುಗಿಯೇ.

1979ರಲ್ಲಿ ಮೆಕ್ಕಾದ ಮಹಾ ಮಸೀದಿಯನ್ನು ಬಂಡುಕೋರರು ಹಿಡಿದ ಮೇಲೆ ಅರಸೊತ್ತಿಗೆ ಧಾರ್ಮಿಕ ಬಿಗಿಯನ್ನು ಹೆಚ್ಚಿಸಿತು. ಧಾರ್ಮಿಕ ಪೊಲೀಸರ ಕೈ ಉದ್ದವಾಯಿತು. ಪರಪುರುಷನ ಜೊತೆ ಒಬ್ಬಂಟಿಯಾಗಿ ಸಿಕ್ಕರೆ ‘ಖಲ್ವಾ’, ಹೇಳದೆ ಮನೆ ಬಿಟ್ಟರೆ ‘ತಗಯ್ಯುಬ್’, ಹೆತ್ತವರ ಮಾತು ಮೀರಿದರೆ ‘ಉಕೂಕ್’: ಇವೆಲ್ಲ ಈ ಮನೆಗಳಿಗೆ ದಾರಿಯಾಗುವ ಅಪರಾಧಗಳು. ದೂರು ಕೊಡುವ ಹಕ್ಕು ‘ವಲೀ’ಗೆ, ಅಂದರೆ ತಂದೆ, ಗಂಡ, ಅಣ್ಣ, ಅವರಿಲ್ಲದಿದ್ದರೆ ಮಗ. ಬಿಡಿಸಿಕೊಂಡು ಹೋಗಬೇಕಾದವನೂ ಅವನೇ. 2008ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿಗಳಲ್ಲಿ ಈ ಗಂಟು ಸ್ಪಷ್ಟವಾಗಿ ಕಾಣುತ್ತದೆ. ಶಿಕ್ಷೆಯ ಅವಧಿ ಮುಗಿದರೂ ಕರೆದೊಯ್ಯಲು ವಲೀ ಬಾರದಿದ್ದರೆ ಹೆಣ್ಣು ಒಳಗೇ ಉಳಿಯಬೇಕು. ಹೊಡೆದ ಕೈಗೇ ಬೀಗದ ಕೈ ಕೊಟ್ಟಂತಾಯಿತು. ನನ್ನ ಪ್ರಕಾರ ಈ ಮನೆಗಳ ಕ್ರೌರ್ಯದ ಬೇರು ಛಡಿಯೇಟಿಗಿಂತ ಮೊದಲು ಇರುವುದು ಈ ನಿಯಮದಲ್ಲಿ.

ಒಳಗೆ ನಡೆಯುವುದೇನು? 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆ ಹಲವು ಹೆಣ್ಣುಮಕ್ಕಳ ಹೇಳಿಕೆಗಳನ್ನು ಪ್ರಕಟಿಸಿತು. ಬಂದ ಕೂಡಲೇ ಬಟ್ಟೆ ಬಿಚ್ಚಿಸಿ ತಪಾಸಣೆ, ಮೇಲೆ ಕನ್ಯತ್ವ ಪರೀಕ್ಷೆ. ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ, ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿಯಾಗಿದೆ. ಮಲಗಿಸಲು ಮಂಪರಿನ ಔಷಧ. ಹೆಸರು ಹಿಡಿದು ಕರೆಯುವುದಿಲ್ಲ, ನಂಬರು ಕೂಗುತ್ತಾರೆ. ಮನೆತನದ ಹೆಸರನ್ನು ಇನ್ನೊಬ್ಬಳಿಗೆ ಹೇಳಿದರೆ ಛಡಿಯೇಟು, ನಮಾಜು ತಪ್ಪಿದರೆ ಛಡಿಯೇಟು. ಹೆಸರನ್ನೇ ಕಿತ್ತುಕೊಳ್ಳುವ ಈ ಪದ್ಧತಿಯನ್ನು ಓದುವಾಗ ನನಗೆ ಏಟುಗಳಿಗಿಂತ ಹೆಚ್ಚು ಸಂಕಟವಾಯಿತು.

ಧರ್ಮವನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಇಂಥ ವಿಧಾನಗಳು ಅಮೆರಿಕದಲ್ಲೂ ಇವೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವ್ಯಸನಿಗಳಿಗಾಗಿ ಶುರುವಾದ ಸಿನನಾನ್ ಎಂಬ ಕೂಟದ ಪದ್ಧತಿಗಳು ‘ಹದಗೆಟ್ಟ ಹದಿಹರೆಯದವರನ್ನು’ ಸರಿಪಡಿಸುವ ವಸತಿ ಕೇಂದ್ರಗಳಿಗೆ ದಾಟಿಕೊಂಡವು. ಅಲ್ಲೂ ಒಂಟಿ ಕೋಣೆ, ಮನೆಯವರೊಂದಿಗೆ ಮಾತಾಡದಂತೆ ತಡೆ, ಎಲ್ಲರೆದುರು ಅವಮಾನ. ಹದಿಹರೆಯದಲ್ಲಿ ಯೂಟಾದ ಪ್ರೋವೊ ಕ್ಯಾನಿಯನ್ ಶಾಲೆಯಲ್ಲಿದ್ದ ಖ್ಯಾತ ತಾರೆ ಪ್ಯಾರಿಸ್ ಹಿಲ್ಟನ್, ಎರಡು ದಶಕ ಕಳೆದರೂ ದುಃಸ್ವಪ್ನ, ನಿದ್ರಾಹೀನತೆ ತನ್ನನ್ನು ಬಿಟ್ಟಿಲ್ಲವೆಂದು 2020ರ ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡರು. ಇಂಥ ಸಂಸ್ಥೆಗಳ ಸ್ಥಿತಿಯನ್ನು ಅಧ್ಯಯನ ಮಾಡಿಸುವ ಕೇಂದ್ರ ಕಾನೂನು ಅಲ್ಲಿಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ನಮ್ಮ ಪಕ್ಕದ ಕೇರಳದಲ್ಲೂ 2017ರಲ್ಲಿ ಇಪ್ಪತ್ತು ದಾಟಿದ ಹಾದಿಯಾ ಎಂಬ ಯುವತಿಯನ್ನು ಹೈಕೋರ್ಟೇ ತಂದೆಯ ವಶಕ್ಕೆ ಒಪ್ಪಿಸಿತ್ತು; ಸುಪ್ರೀಂ ಕೋರ್ಟಿನವರೆಗೆ ಹೋಗಿಯೇ ಅವಳು ಬಿಡಿಸಿಕೊಳ್ಳಬೇಕಾಯಿತು.

ಗಾಯ ಯಾಕೆ ಇಷ್ಟು ಕಾಲ ಉಳಿಯುತ್ತದೆ? ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಒಂದು ಮುಖ್ಯ ಸಂಗತಿಯತ್ತ ಬೊಟ್ಟು ಮಾಡಿದರು. ಒಂದು ಅಪಘಾತದ ಆಘಾತ ಬೇರೆ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಇನ್ನೊಬ್ಬರ ಹತೋಟಿಯಲ್ಲಿ ತಿಂಗಳುಗಟ್ಟಲೆ ಬದುಕುವುದು ಬೇರೆ. ಎರಡನೆಯದು ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವ ರೀತಿಯನ್ನೇ ಬದಲಿಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆ. ಹಳೆಯ ಭಯ ಮರುಕಳಿಸುವುದರ ಜೊತೆಗೆ ಸಿಟ್ಟು, ದುಃಖ ಹಿಡಿತಕ್ಕೆ ಸಿಗುವುದಿಲ್ಲ. ‘ನಾನೇ ಕೆಟ್ಟವಳು’ ಎಂಬ ನಂಬಿಕೆ ಬೇರೂರುತ್ತದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗುವುದಿಲ್ಲ. ಕಾಯಬೇಕಾದ ಸಂಸ್ಥೆಯೇ ಕೈಬಿಟ್ಟಾಗ ಪೆಟ್ಟು ಇನ್ನೂ ಆಳಕ್ಕಿಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಜೆನ್ನಿಫರ್ ಫ್ರೈಡ್ ತೋರಿಸಿದ್ದಾರೆ. ಯುವತಿಯೊಬ್ಬಳು ತಂದೆಯ ಹೊಡೆತ ತಾಳಲಾರದೆ ತಾನಾಗಿಯೇ ಇಂಥ ಮನೆಯ ಬಾಗಿಲು ತಟ್ಟಿದಳು ಎಂದುಕೊಳ್ಳಿ. ಸಿಬ್ಬಂದಿ ಕರೆಸುವುದು ಆ ತಂದೆಯನ್ನೇ ಆದರೆ, ಇನ್ನೊಮ್ಮೆ ಯಾರ ಬಾಗಿಲು ತಟ್ಟುವ ಧೈರ್ಯ ಅವಳಿಗೆ ಬಂದೀತು?

ಹರ್ಮನ್ ಹೇಳುವ ಚಿಕಿತ್ಸೆಗೆ ಮೂರು ಹಂತ. ಮೊದಲನೆಯದು ಸುರಕ್ಷಿತ ಜಾಗ ಸಿಗುವುದು. ನಡೆದದ್ದನ್ನು ನೆನೆದು ಅಳುವುದು, ಮತ್ತೆ ಜನರೊಂದಿಗೆ ಬೆರೆಯುವುದು ಆಮೇಲಿನ ಮಾತು. ವಲೀಯ ಮನೆಗೇ ಮರಳಿದವಳಿಗೆ ಮೊದಲ ಹಂತವೇ ಶುರುವಾಗುವುದಿಲ್ಲ. ಹಾಗಾಗಿ ಕೆಲವರು ದೇಶವನ್ನೇ ಬಿಟ್ಟು ಓಡುತ್ತಾರೆ. 2019ರ ಜನವರಿಯಲ್ಲಿ ಹದಿನೆಂಟರ ಸೌದಿ ಹುಡುಗಿ ರಹಾಫ್ ಮೊಹಮ್ಮದ್ ಬ್ಯಾಂಕಾಕಿನ ಹೋಟೆಲ್ ಕೋಣೆಯ ಬಾಗಿಲಿಗೆ ಸಾಮಾನು ಅಡ್ಡವಿಟ್ಟು ಕೂತು, ಕೊನೆಗೆ ಕೆನಡಾ ಸೇರಿದಳು. ಎರಡು ವರ್ಷ ಮೊದಲು ಮನಿಲಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ದೀನಾ ಅಲಿಯನ್ನು ಬಂಧುಗಳು ವಾಪಸು ಕರೆದೊಯ್ದಿದ್ದರು.

ಕಾನೂನು ಬದಲಾಗಿಲ್ಲವೆಂದಲ್ಲ. 2019ರಿಂದ ಇಪ್ಪತ್ತೊಂದು ದಾಟಿದ ಹೆಣ್ಣು ವಲೀಯ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯಬಹುದು. 2021ರ ತಿದ್ದುಪಡಿಯ ಪ್ರಕಾರ ವಯಸ್ಕ ಹೆಣ್ಣು ತನ್ನ ವಾಸದ ಜಾಗವನ್ನು ತಾನೇ ಆರಿಸಿಕೊಳ್ಳಬಹುದು. ಇವು ಸಣ್ಣ ಗೆಲುವುಗಳಲ್ಲ. ‘ಗಾರ್ಡಿಯನ್’ ವರದಿಗೆ ಉತ್ತರಿಸಿದ ಸರ್ಕಾರ, ಇವು ಸೆರೆಮನೆಗಳಲ್ಲ, ಯಾರ ಅನುಮತಿಯೂ ಇಲ್ಲದೆ ಯಾವಾಗ ಬೇಕಾದರೂ ಹೊರಹೋಗಬಹುದು ಎಂದಿತು. ಒಳಗಿದ್ದು ಬಂದವರ ಮಾತು ಇದಕ್ಕೆ ತದ್ವಿರುದ್ಧವಾಗಿದೆ, ನಾನು ನಂಬುವುದು ಅವರನ್ನು. ಸರ್ಕಾರದ ಮಾತು ನಿಜವಾದರೆ ಅದನ್ನು ತೋರಿಸಿಕೊಡುವುದು ಕಷ್ಟವೇನಲ್ಲ. ಸ್ವತಂತ್ರ ತಜ್ಞರನ್ನು ಒಳಗೆ ಬಿಡಲಿ, ಹೆಣ್ಣುಮಕ್ಕಳೊಂದಿಗೆ ಸಿಬ್ಬಂದಿಯಿಲ್ಲದೆ ಮಾತಾಡಲು ಅವಕಾಶ ಕೊಡಲಿ, ಮನೆ ಬಿಟ್ಟಳೆಂಬ ದೂರನ್ನು ಠಾಣೆಗಳು ದಾಖಲಿಸದಂತೆ ಆದೇಶಿಸಲಿ. 2034ರ ಫುಟ್‌ಬಾಲ್ ವಿಶ್ವಕಪ್ಪಿಗೆ ಸಾವಿರಾರು ಪತ್ರಕರ್ತರು ಆ ದೇಶಕ್ಕೆ ಹೋಗುತ್ತಾರೆ. ಅಷ್ಟು ಕಾಲ ಕಾಯುವ ಅಗತ್ಯವೇನೂ ಇಲ್ಲ.