ಬೆಲಿತುಂಗ್ ಕಡಲಿನ ಹೊಲಿದ ಹಡಗು

ಇಂಡೊನೇಷ್ಯಾದ ಬೆಲಿತುಂಗ್ ದ್ವೀಪದ ಸಮೀಪ 1998ರಲ್ಲಿ ಸಮುದ್ರಸೌತೆ ಎಂಬ ಜಲಚರಕ್ಕಾಗಿ ಮುಳುಗು ಹಾಕುತ್ತಿದ್ದವರಿಗೆ ಸಿಕ್ಕಿದ ದಿಬ್ಬದಡಿ, ಒಂಬತ್ತನೆಯ ಶತಮಾನದಲ್ಲಿ ಚೀನಾದ ಸರಕು ಹೇರಿಕೊಂಡು ಹೊರಟಿದ್ದ ಹಡಗೊಂದು ಹೂತುಹೋಗಿತ್ತು. ಅದರಿಂದ ಎತ್ತಿದ ಸುಮಾರು 60,000 ವಸ್ತುಗಳಲ್ಲಿ ಬಹುಪಾಲು ಹುನಾನ್ ಪ್ರಾಂತದ ಚಾಂಗ್‌ಶಾ ಗೂಡುಗಳಲ್ಲಿ ಸುಟ್ಟ ಬಟ್ಟಲುಗಳಾಗಿದ್ದು, ದೊಡ್ಡ ಭರಣಿಗಳೊಳಗೆ ಸುರುಳಿಯಾಗಿ ಒತ್ತೊತ್ತಾಗಿ ಜೋಡಿಸಿದ್ದ ಅನೇಕ ಬಟ್ಟಲುಗಳು ಮೆರುಗು ಸಹ ಮಾಸದೆ ಉಳಿದಿದ್ದವು. ಒಂದು ಬಟ್ಟಲಿನ ಮೇಲೆ ಕೊರೆದಿರುವ, ಚೀನಾದ ತಾಂಗ್ ರಾಜವಂಶದ ಕಾಲಗಣನೆಯ ತೇದಿ ಕ್ರಿ.ಶ. 826ಕ್ಕೆ ಸರಿಹೊಂದುತ್ತದೆ.

ಸರಕು ಚೀನಾದ್ದಾದರೂ ಹಡಗು ಅಲ್ಲಿಯದಲ್ಲ. ಹಲಗೆಗಳ ಅಂಚಿನಲ್ಲಿ ರಂಧ್ರ ಕೊರೆದು, ಮೊಳೆ ಬಳಸದೆ ನಾರಿನ ಹಗ್ಗದಿಂದ ಹೊಲಿಯುವ ಈ ಪದ್ಧತಿ ಅರಬ್ ತೀರದಲ್ಲಿಯೂ ಭಾರತದ ಪಡುಗಡಲ ಕರಾವಳಿಯಲ್ಲಿಯೂ ಬಳಕೆಯಲ್ಲಿದ್ದುದು. ಮರದ ಮಾದರಿಗಳಲ್ಲಿ ಆಫ್ರಿಕಾದ ಅಫ್ಜೇಲಿಯಾ ಎಂಬ ಮರ ಗುರುತಿಸಲ್ಪಟ್ಟಿದ್ದರಿಂದ ಇದನ್ನು ಅರಬ್ ನೌಕೆಯೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇದೇ ರೀತಿ ಒಮಾನಿನಲ್ಲಿ ಹೊಲಿದು ಕಟ್ಟಿದ 'ಜ್ಯುವೆಲ್ ಆಫ್ ಮಸ್ಕತ್' 2010ರಲ್ಲಿ ಕೊಚ್ಚಿಯ ಮಾರ್ಗವಾಗಿ ಸಿಂಗಪುರ ತಲುಪಿತು.

ಇಷ್ಟು ಅಮೂಲ್ಯವಾದ ನೆಲೆಯನ್ನು ಅಗೆದದ್ದು ಇಂಡೊನೇಷ್ಯಾ ಸರಕಾರದ ಪರವಾನಗಿ ಪಡೆದ ಒಂದು ಖಾಸಗಿ ಸಂಸ್ಥೆ. ಸಂಗ್ರಹವನ್ನು 2005ರಲ್ಲಿ ಸುಮಾರು 3.2 ಕೋಟಿ ಡಾಲರಿಗೆ ಸಿಂಗಪುರ ಕೊಂಡಿತು. ನೀರಡಿಯ ಪುರಾತತ್ತ್ವದಲ್ಲಿ ವಸ್ತುವಿಗಿಂತ ಅದು ಬಿದ್ದಿದ್ದ ಜಾಗಕ್ಕೆ, ಅಂದರೆ ಯಾವುದರ ಪಕ್ಕದಲ್ಲಿ, ಯಾವ ಪದರದಲ್ಲಿ ಇತ್ತೆಂಬ ದಾಖಲೆಗೆ ಬೆಲೆ ಹೆಚ್ಚು. ಬೇಗ ಎತ್ತಿ ಮಾರುವ ಆತುರದಲ್ಲಿ ಮೊದಲು ಸಾಯುವುದು ಈ ದಾಖಲೆಯೇ. ಆದ್ದರಿಂದಲೇ ಯುನೆಸ್ಕೊದ 2001ರ ಒಪ್ಪಂದ ಇಂತಹ ಪರಂಪರೆಯ ವ್ಯಾಪಾರವನ್ನು ನಿಷೇಧಿಸಿ, ಇದ್ದಲ್ಲೇ ಕಾಪಾಡುವುದಕ್ಕೆ ಮೊದಲ ಆದ್ಯತೆ ನೀಡುತ್ತದೆ. ಪುರಾತತ್ತ್ವಜ್ಞರ ಪ್ರತಿಭಟನೆಗೆ ಮಣಿದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಈ ಸಂಗ್ರಹದ ಪ್ರದರ್ಶನವನ್ನು 2011ರಲ್ಲಿ ಕೈಬಿಟ್ಟಿತು.

ಆಕ್ಷೇಪ ನ್ಯಾಯವಾದದ್ದೇ, ಆದರೆ ಪೂರ್ಣವಲ್ಲ. ಕೇವಲ 17 ಮೀಟರ್‌ನಷ್ಟು ಆಳದಲ್ಲಿದ್ದ ಈ ನೆಲೆಯಲ್ಲಿ, ಮಾನ್ಸೂನಿನಿಂದ ಕೆಲಸ ನಿಂತಾಗ ಕಳ್ಳರು ಕೈಯಾಡಿಸಿದ್ದರು. ಕಾವಲಿಲ್ಲದ ಕಡೆ 'ಇದ್ದಲ್ಲೇ ಇರಲಿ' ಎನ್ನುವುದು ಕಳ್ಳರಿಗೇ ಬಿಟ್ಟುಕೊಟ್ಟಂತೆ. ಸಂಗ್ರಹ ಚೂರುಚೂರಾಗಿ ಹರಾಜಾಗದೆ ಬಹುಪಾಲು ಒಟ್ಟಿಗೇ ಉಳಿದದ್ದೂ, ಹಡಗಿನ ರಚನೆಯನ್ನು ಅಗೆತದ ಎರಡನೆಯ ಹಂತದಲ್ಲಿ ನೀರಡಿಯ ಪುರಾತತ್ತ್ವಜ್ಞ ಮೈಕಲ್ ಫ್ಲೆಕರ್ ದಾಖಲಿಸಿದ್ದೂ ಸಣ್ಣ ಲಾಭವಲ್ಲ.

ಮುಂದೆ ಸಿಂಗಪುರ ಬೇರೊಂದು ದಾರಿ ಹಿಡಿಯಿತು. ಪೆದ್ರಾ ಬ್ರಾಂಕಾ ಎಂಬ ಪುಟ್ಟ ದ್ವೀಪದ ಬಳಿ ದೊರೆತ ಎರಡು ಹಡಗುಗಳನ್ನು ಅಗೆಯಲು ಅದರ ಪರಂಪರಾ ಮಂಡಳಿಯೇ ಸಂಶೋಧನ ಸಂಸ್ಥೆಯೊಂದನ್ನು ನಿಯೋಜಿಸಿತು. ಅವುಗಳಲ್ಲಿ ಒಂದು ಭಾರತದಲ್ಲಿ ಕಟ್ಟಲಾಗಿದ್ದು, ಚೀನಾದಿಂದ ಭಾರತಕ್ಕೆ ಮರಳುವಾಗ 1796ರಲ್ಲಿ ಮುಳುಗಿದ 'ಶಾ ಮುಂಚೆರ್' ಎಂಬ ವ್ಯಾಪಾರಿ ಹಡಗು.